ಡಾರ್ಜಿಲಿಂಗ್‌ಗೆ ಹೊರಡುವ ಮುನ್ನ ಚಿಗುರಿನ ಪಂಚಾಂಗ ನೋಡಿ

1866ರ ಮೇ ಕೊನೆಯಲ್ಲಿ ಚೀನಾದ ಫೂಝೌ ಬಂದರಿನಿಂದ ಆ ವರ್ಷದ ಹೊಸ ಚಹಾ ತುಂಬಿಕೊಂಡು ಒಂದಷ್ಟು ಹಾಯಿಹಡಗುಗಳು ಲಂಡನ್ನಿಗೆ ಹೊರಟವು. ಅವುಗಳಲ್ಲಿ ಏರಿಯಲ್ ಮತ್ತು ಟೇಪಿಂಗ್ ಎಂಬ ಎರಡು ಹಡಗುಗಳು 99 ದಿನ ಕಡಲಲ್ಲಿ ಕಳೆದು, ಸೆಪ್ಟೆಂಬರ್ 6ರಂದು ಅರ್ಧ ಗಂಟೆಯೊಳಗಿನ ಅಂತರದಲ್ಲಿ ಲಂಡನ್ನಿನ ಡಕ್ಕೆಗಳನ್ನು ಸೇರಿದವು. ಋತುವಿನ ಮೊದಲ ಚಹಾ ತಂದ ಹಡಗಿಗೆ ಸಾಗಣೆ ದರದ ಮೇಲೆ ಹೆಚ್ಚುವರಿ ಹಣ ಸಿಗುತ್ತಿತ್ತು. ಇವತ್ತು ಮಾರ್ಚ್ ತಿಂಗಳ ಡಾರ್ಜಿಲಿಂಗ್ ಚಹಾ ವಿಮಾನದಲ್ಲಿ ಜರ್ಮನಿಗೂ ಜಪಾನಿಗೂ ಹೋಗುತ್ತದೆ. ಒಂದೂವರೆ ಶತಮಾನ ಕಳೆದರೂ ಆ ಅವಸರ ಹಾಗೇ ಉಳಿದಿದೆ. ಚಹಾದ ಹುಚ್ಚು ಹಿಡಿದವರು ಎಷ್ಟು ದೂರ ಬೇಕಾದರೂ ಹೋಗುತ್ತಾರೆ. ಆದರೆ ಹಾಗೆ ಹೋಗುವವರಲ್ಲಿ ಬಹಳ ಮಂದಿ ತಪ್ಪು ತಿಂಗಳಲ್ಲಿ ಹೋಗುತ್ತಾರೆ. ನನ್ನ ಸಂಕಟ ಇರುವುದು ಅಲ್ಲೇ.

ಹಾಂಗ್‌ಝೌನ ಲಾಂಗ್‌ಜಿಂಗ್ ಹಸಿರು ಚಹಾ ಬಯಸುವವರು ಏಪ್ರಿಲ್ 5ರ ಆಸುಪಾಸಿನ ಛಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆಯೇ ಅಲ್ಲಿರುತ್ತಾರೆ. ಹಬ್ಬಕ್ಕೆ ಮೊದಲು ಕಿತ್ತ ಚಿಗುರಿನ ಬೆಲೆಯೇ ಬೇರೆ, ನಂತರದ್ದೇ ಬೇರೆ. ಜಪಾನಿನಲ್ಲಿ ವಸಂತಾರಂಭದಿಂದ ಎಣಿಸಿ 88ನೇ ದಿನ, ಅಂದರೆ ಮೇ ಮೊದಲ ಒಂದೆರಡು ದಿನ, ಹೊಸ ಚಹಾ ಕೀಳುವ ಶುಭ ಮುಹೂರ್ತ. ನಮ್ಮ ದೇಶದಲ್ಲಿ ಇಂಥ ಪಂಚಾಂಗ ಅತ್ಯಂತ ಕಟ್ಟುನಿಟ್ಟಾಗಿ ನಡೆಯುವುದು ಡಾರ್ಜಿಲಿಂಗ್‌ನಲ್ಲಿ. ಡಾಕ್ಟರ್ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಅಲ್ಲಿ ಬೀಜ ಹಾಕಿದ್ದು 1841ರಲ್ಲಿ. ಈಗ ಡಾರ್ಜಿಲಿಂಗ್ ಎಂಬ ಹೆಸರಿಗೆ ಹಕ್ಕಿರುವುದು 87 ತೋಟಗಳಿಗೆ. ಭಾರತದಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್, ಮೊದಲು ಸಿಕ್ಕಿದ್ದೂ ಈ ಚಹಾಕ್ಕೇ.

ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಗಿಡ ಬೆಳೆಯುವುದೇ ಇಲ್ಲ. ಕಾರ್ಖಾನೆಗಳು ಬಾಗಿಲು ಹಾಕಿ ಯಂತ್ರ ರಿಪೇರಿ ಮಾಡಿಕೊಳ್ಳುತ್ತವೆ, ತೋಟದಲ್ಲಿ ಗಿಡ ಸವರುವ ಕೆಲಸ ನಡೆಯುತ್ತದೆ. ಕ್ರಿಸ್‌ಮಸ್ ರಜೆಗೆ ಹೋದವರಿಗೆ ಕಾಂಚನಜುಂಗಾ ಸ್ವಚ್ಛವಾಗಿ ಕಾಣುತ್ತದೆ, ತಯಾರಾಗುತ್ತಿರುವ ಒಂದೆಲೆ ಚಹಾವೂ ಕಾಣುವುದಿಲ್ಲ. ಫೆಬ್ರವರಿ ಕೊನೆಗೆ ಬಿಸಿಲು ಏರಿ, ಒಂದೆರಡು ಮಳೆ ಬಿದ್ದರೆ ಚಿಗುರು ಒಡೆಯುತ್ತದೆ. ಅಲ್ಲಿಂದ ಏಪ್ರಿಲ್ ಮಧ್ಯದವರೆಗೆ ಫಸ್ಟ್ ಫ್ಲಶ್, ಅಂದರೆ ವರ್ಷದ ಮೊದಲ ಚಿಗುರಿನ ಕೊಯ್ಲು. ಚಳಿಗಾಲವಿಡೀ ಗಿಡ ಕೂಡಿಟ್ಟುಕೊಂಡದ್ದೆಲ್ಲ ಈ ಸಣ್ಣ ಚಿಗುರಿಗೆ ಬರುತ್ತದೆ. ರಾತ್ರಿಯ ಚಳಿಗೆ ಅದು ನಿಧಾನವಾಗಿ ಬೆಳೆಯುವುದರಿಂದ ಪರಿಮಳ ಗಾಢವಾಗಿರುತ್ತದೆ. ಫೆಬ್ರವರಿಯ ಮಳೆ ಕೈಕೊಟ್ಟರೆ ಎಲ್ಲವೂ ಎರಡು ವಾರ ಮುಂದಕ್ಕೆ ಹೋಗುತ್ತದೆ. ಮಾರ್ಚ್‌ನಲ್ಲಿ ಆಲಿಕಲ್ಲು ಬಿದ್ದರೆ ಇಡೀ ಇಳಿಜಾರಿನ ಚಿಗುರೇ ಹಾಳು. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ತೋಟಕ್ಕೊಂದು ಫೋನ್ ಮಾಡಿ ಕೇಳುವುದು ಸಂಕೋಚಪಡುವ ವಿಷಯವೇ ಅಲ್ಲ.

ಇನ್ನು ನಮ್ಮ ಬೇಸಿಗೆ ರಜೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬಿಡುವು. ಹೆಚ್ಚಿನ ಕುಟುಂಬಗಳು ಹೊರಡುವುದು ಏಪ್ರಿಲ್ ಕೊನೆಗೆ ಅಥವಾ ಮೇ ಆರಂಭಕ್ಕೆ. ಚಹಾದ ಮಟ್ಟಿಗೆ ಅದು ಬರಗಾಲ. ಫಸ್ಟ್ ಫ್ಲಶ್ ಮುಗಿದ ಗಿಡ ಆ ಮೂರು ನಾಲ್ಕು ವಾರ ಸುಮ್ಮನಾಗುತ್ತದೆ. ಮೊಗ್ಗಿಲ್ಲದ ಚಿಗುರು, ತೋಟದವರು ಬಾಂಜಿ ಎನ್ನುವುದು, ಎಲ್ಲೆಡೆ ಕಾಣಿಸುತ್ತದೆ. ಕಾರ್ಖಾನೆಯಲ್ಲಿ ಕೆಲಸ ಅರೆಬರೆ, ರುಚಿಗೆ ಕೊಡುವ ಚಹಾದಲ್ಲಿ ಜೀವ ಇರುವುದಿಲ್ಲ. ಮಕ್ಕಳ ರಜೆಗೇ ಹೊಂದಿಸಿಕೊಳ್ಳಬೇಕೆಂದರೆ ಮೇ 20ರ ನಂತರದ ಹತ್ತು ದಿನ ಹಿಡಿಯಿರಿ. ಅಷ್ಟರಲ್ಲಿ ಸೆಕೆಂಡ್ ಫ್ಲಶ್ ಶುರುವಾಗಿರುತ್ತದೆ.

ಸೆಕೆಂಡ್ ಫ್ಲಶ್‌ನ ಸಂಗತಿ ಸ್ವಾರಸ್ಯದ್ದು. ಅದರ ಹೆಸರುವಾಸಿ ಗುಣ ಮಸ್ಕಟೆಲ್, ಮಾಗಿದ ದ್ರಾಕ್ಷಿಯನ್ನು ನೆನಪಿಸುವ ಪರಿಮಳ. ಅದು ಬರುವುದರಲ್ಲಿ ಕೀಟಗಳ ಪಾಲು ದೊಡ್ಡದು. ಮೇ ತಿಂಗಳ ಒಣ ಸೆಕೆಯಲ್ಲಿ ಹಸಿರು ಜಿಗಿಹುಳು ಮತ್ತು ಥ್ರಿಪ್ಸ್ ಎಳೆ ಚಿಗುರಿನ ರಸ ಹೀರುತ್ತವೆ. ಕಚ್ಚಿಸಿಕೊಂಡ ಎಲೆ ಬೆಳವಣಿಗೆ ನಿಲ್ಲಿಸಿ, ಅಂಚು ಮುದುಡಿ, ತನ್ನ ರಕ್ಷಣೆಗೆಂದು ಸುವಾಸನೆಯ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟು ಆಕ್ಸಿಡೇಷನ್ ಮಾಡಿದಾಗ ಅದೇ ಬಟ್ಟಲಿಗೆ ಇಳಿಯುತ್ತದೆ. ತೈವಾನಿನ ಓರಿಯೆಂಟಲ್ ಬ್ಯೂಟಿ ಚಹಾ ನಿಂತಿರುವುದೂ ಇದೇ ಜಿಗಿಹುಳುವಿನ ವರ್ಗದ ಮೇಲೆ. ಹುಳು ತಿಂದಂತೆ ಕಾಣುವ, ತುಸು ಹಳದಿಗೆ ತಿರುಗಿದ ಗಿಡ ತೋಟದಲ್ಲಿ ಕಂಡರೆ ಮುಖ ಸಿಂಡರಿಸಬೇಡಿ, ಆ ಮಡಿಯ ಎಲೆ ಯಾವ ಲಾಟಿಗೆ, ಅಂದರೆ ಒಟ್ಟಿಗೆ ತಯಾರಾಗುವ ಯಾವ ಕಂತಿಗೆ, ಹೋಗುತ್ತದೆಂದು ಕೇಳಿಟ್ಟುಕೊಳ್ಳಿ. ಜೂನ್ ಎರಡನೇ ವಾರದ ಹೊತ್ತಿಗೆ ಮುಂಗಾರು ಹಿಡಿದುಕೊಳ್ಳುತ್ತದೆ, ಕೀಟ ಕಡಿಮೆಯಾಗುತ್ತದೆ, ಎಲೆ ನೀರು ಕುಡಿದು ದೊಡ್ಡದಾಗುತ್ತದೆ. 2017ರಲ್ಲಿ ಗೂರ್ಖಾಲ್ಯಾಂಡ್ ಚಳವಳಿಯ ಬಂದ್ ಜೂನ್ 15ರಿಂದ 104 ದಿನ ನಡೆದು ಸೆಕೆಂಡ್ ಫ್ಲಶ್‌ನ ಬಹುಪಾಲು ಕೊಯ್ಯುವವರಿಲ್ಲದೆ ಹೋಯಿತು. ಆ ವರ್ಷದ ಮಸ್ಕಟೆಲ್ ಎಂದು ಯಾರಾದರೂ ಧಾರಾಳವಾಗಿ ತೋರಿಸಿದರೆ ಅನುಮಾನಿಸಿ.

ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಚಹಾ ಹೆಚ್ಚಾಗಿ ಬ್ಲೆಂಡ್‌ಗಳಿಗೆ ಹೋಗುತ್ತದೆ, ಅದಕ್ಕಾಗಿ ಪ್ರಯಾಣ ಬೇಡ. ಅಕ್ಟೋಬರ್, ನವೆಂಬರ್‌ನ ಆಟಮ್ನಲ್ ಚಹಾ ಮಾತ್ರ ಸಿಗಬೇಕಾದ ಮರ್ಯಾದೆ ಸಿಗದೆ ಉಳಿದಿದೆ. ತಾಮ್ರದ ಬಣ್ಣ, ದುಂಡಗಿನ ರುಚಿ, ಬೆಲೆಯೂ ಕಡಿಮೆ. ದಸರಾ ರಜೆಗೆ ಹೊಂದುವ ಕಾಲ ಅದು. ಆದರೆ ಅಕ್ಟೋಬರ್ ಮೊದಲ ವಾರ ಮಳೆ ಪೂರ್ತಿ ಹಿಂದೆ ಸರಿದಿರುವುದಿಲ್ಲ. 2025ರ ಅಕ್ಟೋಬರ್ ಆರಂಭದ ಭಾರೀ ಮಳೆಗೆ ಮಿರಿಕ್ ಕಡೆ ಗುಡ್ಡ ಕುಸಿದು ಜನ ಸತ್ತರು, ಸಿಲಿಗುರಿಯಿಂದ ಮಿರಿಕ್‌ಗೆ ಹೋಗುವ ದಾರಿಯ ದೂಧಿಯಾ ಸೇತುವೆಯೂ ಬಿತ್ತು. ದೀಪಾವಳಿ ಹತ್ತಿರ ಹೋಗುವುದು ಕ್ಷೇಮ.

ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ನೇರ ವಿಮಾನ ಇದೆ, ಸುಮಾರು ಮೂರು ಗಂಟೆ. ಅಲ್ಲಿಂದ ಎಲ್ಲರೂ ಡಾರ್ಜಿಲಿಂಗ್ ಪಟ್ಟಣಕ್ಕೆ ಹೋಗಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ಚಹಾಕ್ಕಾಗಿ ಹೋಗುವವರು ಕರ್ಸಿಯಾಂಗ್‌ನಲ್ಲೇ ಉಳಿಯುವುದು ಲೇಸು. ರೋಹಿಣಿ ರಸ್ತೆಯಲ್ಲಿ ಎರಡು ಗಂಟೆಯೊಳಗೆ ಸೇರಬಹುದು. ಎತ್ತರ ಸುಮಾರು 1,450 ಮೀಟರ್. ಕ್ಯಾಸಲ್ಟನ್, ಮಕಾಯ್‌ಬಾರಿ, ಗಿದ್ದಾಪಹಾರ್, ಗೂಮ್ಟಿ, ಜಂಗ್‌ಪನಾ, ಮಾರ್ಗರೆಟ್ಸ್ ಹೋಪ್ ಎಲ್ಲ ಆ ಸುತ್ತಿನಲ್ಲೇ ಇವೆ. ಜಂಗ್‌ಪನಾದ ಕಾರ್ಖಾನೆಗೆ ಬಹುಕಾಲ ವಾಹನದ ದಾರಿಯೇ ಇರಲಿಲ್ಲ. ತಯಾರಾದ ಚಹಾದ ಪೆಟ್ಟಿಗೆಗಳು ಕಡಿದಾದ ಮೆಟ್ಟಿಲಲ್ಲಿ ಆಳುಗಳ ಬೆನ್ನ ಮೇಲೆ ಬರುತ್ತಿದ್ದವು. ಚಹಾಕ್ಕಾಗಿ ಯಾರು ಎಷ್ಟು ದೂರ ನಡೆದರು ಎಂಬ ಲೆಕ್ಕ ತೆಗೆದರೆ ಆ ಜನರ ಹೆಸರು ಮೊದಲು ಬರಬೇಕು.

ತಿಂಗಳು ಸರಿಯಾದ ಮೇಲೆ ವಾರವನ್ನೂ ಗಂಟೆಯನ್ನೂ ನೋಡಬೇಕು. ಭಾನುವಾರ ಕೊಯ್ಲು ಇರುವುದಿಲ್ಲ, ಹಾಗಾಗಿ ಸೋಮವಾರ ಬೆಳಿಗ್ಗೆ ಯಂತ್ರಕ್ಕೆ ಹಾಕಲು ಎಲೆಯೂ ಇರುವುದಿಲ್ಲ. ಹ್ಯಾಪಿ ವ್ಯಾಲಿಯಂಥ ತೋಟಗಳು ಸೋಮವಾರ ಪ್ರವಾಸಿಗರನ್ನು ಬಿಡದಿರುವುದು ಅದಕ್ಕೇ. ಉಳಿದ ದಿನಗಳಲ್ಲೂ ಹತ್ತು ಹನ್ನೊಂದು ಗಂಟೆಗೆ ಹೋದವರಿಗೆ ಗುಡಿಸಿದ ನೆಲ, ನಿಂತ ಯಂತ್ರ, ಮಾರಾಟದ ಕೌಂಟರ್ ಸಿಗುತ್ತವೆ. ಎಲೆ ಕಾರ್ಖಾನೆಗೆ ಬರುವುದು ಮಧ್ಯಾಹ್ನ ಮತ್ತು ಸಂಜೆ. ರಾತ್ರಿಯಿಡೀ, 14ರಿಂದ 18 ಗಂಟೆ ಕಾಲ, ಉದ್ದನೆಯ ಜಾಲರಿ ತೊಟ್ಟಿಗಳ ಮೇಲೆ ಕೆಳಗಿನಿಂದ ಗಾಳಿ ಹಾಯಿಸಿ ಬಾಡಿಸುತ್ತಾರೆ. ಹೊಸೆಯುವ ಕೆಲಸ ಬೆಳಗಿನ ಜಾವಕ್ಕೇ ಶುರು. ಮೊದಲೇ ಅನುಮತಿ ಪಡೆದು ಐದೂವರೆಗೆ ಅಲ್ಲಿರಿ. ಸೆಂಟು, ಘಾಟಿನ ತಲೆಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಬಾಡಿದ ಎಲೆ ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆ.

ತೊಟ್ಟಿಯ ಪಕ್ಕ ನಿಂತಾಗ, ಅಲ್ಲಿಯವರು ಒಪ್ಪಿದರೆ, ಒಂದು ಹಿಡಿ ಎಲೆ ತೆಗೆದುಕೊಂಡು ಮುಷ್ಟಿ ಬಿಗಿ ಹಿಡಿಯಿರಿ. ಸರಿಯಾಗಿ ಬಾಡಿದ ಎಲೆ ಮುರಿಯುವ ಸದ್ದು ಮಾಡದೆ ಉಂಡೆಯಾಗುತ್ತದೆ, ಕೈ ಬಿಚ್ಚಿದರೆ ತಡೆದು ತಡೆದು ಅರಳುತ್ತದೆ. ತೊಟ್ಟನ್ನು ಬಗ್ಗಿಸಿದರೆ ಬಾಗಬೇಕು. ಟಕ್ಕೆಂದು ಮುರಿದರೆ ಒಳಗೆ ನೀರು ಇನ್ನೂ ಇದೆ ಎಂದರ್ಥ. ಮೂಗಿಗೆ ಹಿಡಿದಾಗ ಹಸಿ ಹುಲ್ಲಿನ ಘಾಟು ಹೋಗಿ ಹೂವಿನ, ಹಸಿ ಸೇಬಿನ ವಾಸನೆ ಬಂದಿರಬೇಕು. ಫಸ್ಟ್ ಫ್ಲಶ್‌ನಲ್ಲಿ ಈ ಬಾಡಿಸುವಿಕೆ ಬಹಳ ಕಠಿಣ, 100 ಕೆ.ಜಿ. ಹಸಿ ಎಲೆ 35ರಿಂದ 40 ಕೆ.ಜಿ.ಗೆ ಇಳಿಯುತ್ತದೆ. ನಮ್ಮ ಹಾಲಿನ ಚಹಾಕ್ಕೆ ಬಳಸುವ ಸಿಟಿಸಿ ಪುಡಿಗೆ 70 ಕೆ.ಜಿ. ಆಸುಪಾಸಿಗೇ ನಿಲ್ಲಿಸುತ್ತಾರೆ. ಇಷ್ಟು ನೀರು ಕಳೆದುಕೊಂಡ ಎಲೆಯಲ್ಲಿ ಕಿಣ್ವಗಳು ಸಮನಾಗಿ ಕೆಲಸ ಮಾಡಲಾರವು. ಅದಕ್ಕೇ ಫಸ್ಟ್ ಫ್ಲಶ್ ಒಣ ಎಲೆಯಲ್ಲಿ ಹಸಿರು, ಕಂದು, ಬೆಳ್ಳಿ ಎಲ್ಲ ಬೆರೆತಿರುತ್ತವೆ. ಕಪ್ಪು ಚಹಾ ಎಂದು ಕೊಂಡು ಹಸಿರು ಕಂಡು ಗಾಬರಿಯಾಗಿ ವಾಪಸ್ ಕೊಡುವವರಿದ್ದಾರೆ. ಅದು ಕಲಬೆರಕೆಯೂ ಅಲ್ಲ, ಹಳಸಿದ್ದೂ ಅಲ್ಲ.

ತಪ್ಪುವುದು ಇಲ್ಲೇ. ಬಾಡುವಿಕೆ ಕಡಿಮೆಯಾದರೆ ಬಟ್ಟಲಿನಲ್ಲಿ ಹಸಿ ಸೊಪ್ಪಿನ ಕಹಿ. ರೋಲರ್‌ನ ಒತ್ತಡ ಹೆಚ್ಚಾದರೆ ಎಲೆ ಪುಡಿಯಾಗಿ ಪರಿಮಳ ಅಲ್ಲೇ ಹಾರುತ್ತದೆ. ಡ್ರೈಯರ್ ಸುಮಾರು 115 ಡಿಗ್ರಿಯಲ್ಲಿ ಓಡಬೇಕು. ಶಾಖ ಸಾಲದಿದ್ದರೆ ಎಲೆ ತನ್ನದೇ ಆವಿಯಲ್ಲಿ ಬೆಂದು ಚಪ್ಪೆಯಾಗುತ್ತದೆ, ಹೆಚ್ಚಾದರೆ ಸುಟ್ಟ ರೊಟ್ಟಿಯ ವಾಸನೆ. ಕುಲುಮೆಯ ಕೊಳವೆ ಸೀಳಿದ್ದರೆ ಹೊಗೆ ಸೇರುತ್ತದೆ. ಕೊನೆಗೆ ಎಲೆಯಲ್ಲಿ ಶೇ 3ರಷ್ಟು ಮಾತ್ರ ತೇವ ಉಳಿಯಬೇಕು. ಒಂದು ಕೆ.ಜಿ. ಚಹಾಕ್ಕೆ ನಾಲ್ಕು ಕೆ.ಜಿ.ಗೂ ಮಿಕ್ಕಿ ಹಸಿ ಎಲೆ, ಅಂದರೆ ಹತ್ತಿರ ಹತ್ತಿರ 20,000 ಚಿಗುರು ಬೇಕು. ಪ್ರತಿಯೊಂದನ್ನೂ ಒಬ್ಬ ಹೆಣ್ಣುಮಗಳು ಬೆರಳಲ್ಲಿ ಆರಿಸಿ ಕಿತ್ತಿರುತ್ತಾಳೆ. ಉತ್ತರ ಬಂಗಾಳದ ತೋಟಗಳಲ್ಲಿ ದಿನಗೂಲಿ 250 ರೂಪಾಯಿಗೆ ಏರಿದ್ದು 2023ರಲ್ಲಿ. ಇಷ್ಟು ದೂರ ಬಂದು ನೂರು ಗ್ರಾಂಗೆ ಐವತ್ತು ರೂಪಾಯಿ ಇಳಿಸಿ ಎಂದು ಚೌಕಾಸಿ ಮಾಡುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ.

ಕೊಳ್ಳುವಾಗ ಇನ್‌ವಾಯ್ಸ್ ನಂಬರ್ ಕೇಳಿ. ಪ್ರತಿ ತೋಟವೂ ವರ್ಷದ ಮೊದಲ ಲಾಟಿಗೆ ಡಿಜೆ-1 ಎಂದು ಹೆಸರಿಟ್ಟು, ಮುಂದಿನದಕ್ಕೆ 2, 3 ಎಂದು ಎಣಿಸುತ್ತಾ ಹೋಗುತ್ತದೆ. ಡಿಜೆ-1ರ ಹಿಂದೆ ಬೀಳುವವರು ಬಹಳ. ಅದು ಎಲ್ಲಕ್ಕಿಂತ ಮೊದಲಿನದು, ಅಷ್ಟೇ. ಅನೇಕ ಬಾರಿ ಮೊದಲ ಲಾಟು ಬರುವುದು ಚಳಿ ಬೇಗ ಬಿಡುವ ತಗ್ಗಿನ ಮಡಿಗಳಿಂದ. ಮೇಲಿನ ಮಡಿಗಳ ಹಳೆಯ ಚೀನಾ ತಳಿಯ ಗಿಡಗಳು ಮಾರ್ಚ್ ಕೊನೆಗೆ ಕೈಗೆ ಬರುತ್ತವೆ, ನನ್ನ ಒಲವು ಅವುಗಳ ಕಡೆಗೆ. ತಳಿ ಯಾವುದೆಂದೂ ಕೇಳಿ. ಎವಿ2, ಪಿ312ರಂಥ ಕ್ಲೋನ್ ತಳಿಗಳಲ್ಲಿ, ಅಂದರೆ ಆಯ್ದ ಒಂದೇ ಗಿಡದ ಕಡ್ಡಿಯಿಂದ ಬೆಳೆಸಿದವುಗಳಲ್ಲಿ, ಹೂವಿನ ಪರಿಮಳ ಮುಂದಕ್ಕೆ ನುಗ್ಗುತ್ತದೆ. ಚೀನಾ ಗಿಡದ ರುಚಿ ನಿಧಾನ, ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎಫ್‌ಟಿಜಿಎಫ್‌ಒಪಿ ಎಂಬ ಉದ್ದದ ಅಕ್ಷರಮಾಲೆ ಎಲೆಯ ಗಾತ್ರ ಮತ್ತು ಮೊಗ್ಗಿನ ಪ್ರಮಾಣವನ್ನು ಹೇಳುತ್ತದೆ, ರುಚಿಯ ಬಗ್ಗೆ ಏನನ್ನೂ ಖಾತ್ರಿ ಮಾಡುವುದಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಎರಡೂವರೆ ಗ್ರಾಂ ಎಲೆಗೆ ಕುದಿಯುವ ನೀರು ಹೊಯ್ದು ಐದು ನಿಮಿಷ ಬಿಡುತ್ತಾರೆ. ಆ ಕ್ರಮ ಇರುವುದು ದೋಷವನ್ನು ಎತ್ತಿ ತೋರಿಸಲು, ಮನೆಯಲ್ಲಿ ಅನುಸರಿಸಬೇಡಿ. ಒಂದೇ ಸಲಕ್ಕೆ ಐದಾರು ಲಾಟು ಇಡಿಸಿಕೊಂಡು, ಚಹಾ ಉಗುರುಬೆಚ್ಚಗಾಗುವವರೆಗೆ ಕಾಯಿರಿ. ಬಿಸಿಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಆರಿದಾಗ ಬಂಡವಾಳ ಗೊತ್ತಾಗುತ್ತದೆ. ಜರಡಿಯಲ್ಲಿ ಉಳಿದ ನೆನೆದ ಎಲೆಯನ್ನೂ ಮೂಸಿ. ಒಂದೇ ಬಗೆಯ ಒಂದು ಕೆ.ಜಿ.ಗಿಂತ ಮೂರು ಲಾಟಿನ ನೂರು ನೂರು ಗ್ರಾಂ ಮೇಲು. ನೂರು ಗ್ರಾಂನಲ್ಲಿ 40 ಬಟ್ಟಲು ಆಗುತ್ತದೆ. ಪೇಟೆಯ ಅಂಗಡಿಗಳಲ್ಲಿ ತೋಟದ ಹೆಸರು, ಫ್ಲಶ್, ವರ್ಷ ಮೂರೂ ಇಲ್ಲದ ಬಿಡಿ ಚಹಾವನ್ನು ಡಾರ್ಜಿಲಿಂಗ್ ಎಂದು ನಂಬಬೇಡಿ. ಗಡಿಯಾಚೆ ನೇಪಾಳದ ಇಲಾಮ್‌ನ ಚಹಾ ಈ ಹೆಸರಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಇಲಾಮ್ ಚಹಾ ಸ್ವತಃ ಒಳ್ಳೆಯದು, ಅದನ್ನು ಅದರ ಹೆಸರಿನಲ್ಲೇ, ಅದರ ಬೆಲೆಗೇ ಕೊಂಡು ಕುಡಿಯಬೇಕು.

ಇಷ್ಟು ದೂರ ಆಗದವರಿಗೆ ನೀಲಗಿರಿ ಇದೆ. ಬಡಗರ ನಾಡು ಅದು, ದೊಡ್ಡಬೆಟ್ಟ ಎಂಬ ಊರಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಣ್ಣ ಹಿಡುವಳಿಯ ಬಡಗ ರೈತರು ಬೆಳೆದ ಎಲೆಯ ಹೆಚ್ಚಿನ ಪಾಲು ಸಿಟಿಸಿ ಪುಡಿಯಾಗುತ್ತದೆ. ಡಾರ್ಜಿಲಿಂಗ್‌ನಂತೆ ಹೊಸೆದು ತಯಾರಿಸುವ ಆರ್ಥಡಾಕ್ಸ್ ಎಲೆ ಚಹಾ ಬೇಕಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಕೂನೂರು ಕಡೆ ಹೋಗಿ. ಡಾರ್ಜಿಲಿಂಗ್ ಮಲಗಿರುವಾಗ ಇಲ್ಲಿ ಒಳ್ಳೆಯ ಕಾಲ. ಇಲ್ಲಿ ಚಳಿಗಾಲದಲ್ಲಿ ಮಾಡುವ ಫ್ರಾಸ್ಟ್ ಟೀ ಎಂದರೆ ಇಬ್ಬನಿ ಹೆಪ್ಪುಗಟ್ಟಿದ ಎಲೆ ಎಂದು ಹಲವರು ತಿಳಿದಿದ್ದಾರೆ. ಹಾಗೆ ಹೆಪ್ಪುಗಟ್ಟಿದ ಚಿಗುರು ಕಪ್ಪಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ. ಬೆಲೆ ಇರುವುದು ಆ ಚಳಿಯ ಅಂಚಿನಲ್ಲಿ ನಿಧಾನವಾಗಿ ಬೆಳೆದು ಉಳಿದ ಚಿಗುರಿಗೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2024ರ ಮೇ ತಿಂಗಳಿಂದ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ಕೂಡ ಬೇಕು. ಕರ್ನಾಟಕದೊಳಗೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಂಸೆಯಲ್ಲಿ ಚಹಾ ತೋಟಗಳಿವೆ. ಕಳಸ, ಕುದುರೆಮುಖದ ದಾರಿಯಲ್ಲಿ ಹೋಗುವವರು ನಿಂತು ನೋಡಲೇಬೇಕು. ಇನ್ನು ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಚಹಾವೇ ನಿಮ್ಮ ಪ್ರಾಣವಾಗಿದ್ದರೆ ಡಾರ್ಜಿಲಿಂಗ್‌ಗೆ ಹೋಗುವ ಅಗತ್ಯವೇ ಇಲ್ಲ. ಹಾಲಿನ ಪ್ರೋಟೀನು ಚಹಾದ ಟ್ಯಾನಿನ್ನಿಗೆ ಅಂಟಿಕೊಳ್ಳುತ್ತದೆ. ಫಸ್ಟ್ ಫ್ಲಶ್‌ನಲ್ಲಿ ಹಾಲನ್ನು ತಡೆದುಕೊಳ್ಳುವ ಕಸುವಿಲ್ಲ, ಬಟ್ಟಲಿನಲ್ಲಿ ಹಾಲೊಂದೇ ಉಳಿಯುತ್ತದೆ. ಅದಕ್ಕೆ ಅಸ್ಸಾಮಿನ ಸೆಕೆಂಡ್ ಫ್ಲಶ್ ಸಿಟಿಸಿ ತರಿಸಿಕೊಳ್ಳಿ, ಅದೂ ಶ್ರೇಷ್ಠ ಚಹಾವೇ.

ತೋಟದಲ್ಲಿ ಕುಡಿದ ರುಚಿ ಮನೆಯಲ್ಲಿ ಬರುತ್ತಿಲ್ಲ, ಅಂಗಡಿಯವನು ಬೇರೆ ಎಲೆ ಕೊಟ್ಟ ಎಂಬ ದೂರು ಸಾಮಾನ್ಯ. ಬಹುತೇಕ ಸಂದರ್ಭಗಳಲ್ಲಿ ಅಪರಾಧಿ ನೀರು. ಬೆಟ್ಟದ ಒರತೆಯ ನೀರು ಮೃದು. ಬೆಂಗಳೂರಿನ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳು ಚಹಾದ ಸಾರದೊಂದಿಗೆ ಸೇರಿ ಮೇಲೆ ಕೆನೆಯಂಥ ಪದರ ಕಟ್ಟುತ್ತವೆ, ಹೊಂಬಣ್ಣ ಮಂಕಾಗಿ ಕಂದಾಗುತ್ತದೆ, ಪರಿಮಳ ಸಾಯುತ್ತದೆ. ಹಾಗೆಂದು ಪೂರ್ತಿ ಆರ್‌ಒ ನೀರು ಹಾಕಿದರೆ ಚಹಾ ತೆಳ್ಳಗಾಗಿ ಬಾಯಿಗೆ ಹತ್ತುವುದಿಲ್ಲ. ಮೂರು ಪಾಲು ಆರ್‌ಒ ನೀರಿಗೆ ಒಂದು ಪಾಲು ಶೋಧಿಸಿದ ಕಾವೇರಿ ನೀರು ಬೆರೆಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 50ರಿಂದ 100ರೊಳಗೆ ತಂದುಕೊಳ್ಳಿ.

ಶಾಖದ ಲೆಕ್ಕವೂ ಊರಿಂದ ಊರಿಗೆ ಬೇರೆ. ಡಾರ್ಜಿಲಿಂಗ್ ಪಟ್ಟಣದ 2,042 ಮೀಟರ್ ಎತ್ತರದಲ್ಲಿ ನೀರು ಕುದಿಯುವುದೇ 93 ಡಿಗ್ರಿಗೆ. ಬೆಂಗಳೂರಿನಲ್ಲಿ ಸುಮಾರು 97, ಮಂಗಳೂರಿನಲ್ಲಿ 100. ಅಲ್ಲಿಯವರು ಕುದಿಯುವ ನೀರು ಹಾಕಿದರು ಎಂದು ಮಂಗಳೂರಿನಲ್ಲಿ ಹಾಗೇ ಹೊಯ್ದರೆ ಎಲೆ ಒಗರಾಗುತ್ತದೆ. ಫಸ್ಟ್ ಫ್ಲಶ್‌ಗೆ 150 ಮಿ.ಲೀ. ನೀರಿಗೆ ಎರಡೂವರೆ ಗ್ರಾಂ ಎಲೆ, 85ರಿಂದ 90 ಡಿಗ್ರಿ, ಮೂರು ನಿಮಿಷ. ಸೆಕೆಂಡ್ ಫ್ಲಶ್‌ಗೆ 95 ಡಿಗ್ರಿ, ನಾಲ್ಕು ನಿಮಿಷದವರೆಗೆ ಹೋಗಬಹುದು. ಎಲೆಯನ್ನು ತೂಕ ಮಾಡಿಯೇ ಹಾಕಿ. ಫಸ್ಟ್ ಫ್ಲಶ್ ಹಗುರ, ಚಮಚದ ಅಳತೆ ನಂಬಿದರೆ ಅರ್ಧದಷ್ಟೇ ಬೀಳುತ್ತದೆ, ಆಮೇಲೆ ಚಹಾದಲ್ಲಿ ಸತ್ವವಿಲ್ಲ ಎನ್ನುತ್ತೇವೆ.

ತಂದ ಪೊಟ್ಟಣವನ್ನು ಗಾಜಿನ ಭರಣಿಗೆ ಸುರಿದು ಷೋಕೇಸಿನಲ್ಲಿಡಬೇಡಿ, ಬೆಳಕು ತಗುಲಿದರೆ ಪರಿಮಳ ಬೇಗ ಹೋಗುತ್ತದೆ. ಫಾಯಿಲ್ ಚೀಲದಲ್ಲೇ ಗಾಳಿ ಹೊರಹಾಕಿ ಬಿಗಿದು, ಸ್ಟೀಲ್ ಡಬ್ಬದೊಳಗಿಟ್ಟು, ಮಸಾಲೆಯ ಕಪಾಟಿನಿಂದ ದೂರ ಇಡಿ. ಒಡೆದ ಪೊಟ್ಟಣಕ್ಕೆ ಫ್ರಿಜ್ ಬೇಡ; ಹೊರಗೆ ತೆಗೆದಾಗಲೆಲ್ಲ ಎಲೆಯ ಮೇಲೆ ತೇವ ಕೂರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲ ಹಿಡಿಯುವ ಮುಂಚೆ ಐವತ್ತೈವತ್ತು ಗ್ರಾಂನ ಚೀಲಗಳಾಗಿ ಹಂಚಿಟ್ಟು, ಒಂದು ಮುಗಿದ ಮೇಲೆ ಇನ್ನೊಂದು ಒಡೆಯಿರಿ. ಸೆಕೆಂಡ್ ಫ್ಲಶ್ ಎರಡು ವರ್ಷ ತಾಳುತ್ತದೆ. ಮಾರ್ಚ್‌ನಲ್ಲಿ ತಂದ ಫಸ್ಟ್ ಫ್ಲಶ್ ಅನ್ನು ಮಾತ್ರ ದೀಪಾವಳಿಯೊಳಗೆ ಕುಡಿದು ಮುಗಿಸಿ.